ಕೆಲಸ ಬಿಡುವುದಕ್ಕೊಂದು ತುಂಡು

ಸುಳ್ಯದ ಮೇದಿನಡ್ಕ, ಐವರ್ನಾಡು ಕಡೆಯ ರಬ್ಬರ್ ತೋಟಗಳ ಪಕ್ಕದಲ್ಲಿ ಬೆಳಗಿನ ಜಾವ ಹೋದರೆ, ಕತ್ತಲಲ್ಲಿ ಸಣ್ಣ ಬೆಳಕುಗಳು ಮರದಿಂದ ಮರಕ್ಕೆ ಓಡಾಡುವುದು ಕಾಣುತ್ತದೆ. ತಲೆಗೆ ಲೈಟು ಕಟ್ಟಿಕೊಂಡ ಟ್ಯಾಪರ್‌ಗಳು. ಬಿಸಿಲೇರಿದರೆ ಹಾಲು ಸರಿಯಾಗಿ ಹರಿಯುವುದಿಲ್ಲ, ಅದಕ್ಕೇ ಈ ಹೊತ್ತು. ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು ತೊಗಟೆಯನ್ನು ಓರೆಯಾಗಿ ಹೆರೆಯಬೇಕು. ಕತ್ತಿ ಆಳಕ್ಕೆ ಹೋದರೆ ಮರಕ್ಕೆ ಗಾಯ, ಗಾಯ ಗಂಟುಗಟ್ಟಿದರೆ ಆ ಜಾಗದಲ್ಲಿ ಮತ್ತೆ ಕೊಯ್ಯಲಾಗದು. ಹೀಗೆ ದಿನಕ್ಕೆ ಮುನ್ನೂರಕ್ಕೂ ಹೆಚ್ಚು ಮರ.

ನಾನು ಕಡಬದ ಹತ್ತಿರದವನು. ಈ ತೋಟಗಳ ಕಾಲೊನಿಯ ಮಕ್ಕಳು ಶಾಲೆಯಲ್ಲಿ ನಮ್ಮ ಜೊತೆಗಿದ್ದರು. ಮನೆಯಲ್ಲಿ ತಮಿಳು, ಪೇಟೆಯಲ್ಲಿ ತುಳು, ತರಗತಿಯಲ್ಲಿ ಕನ್ನಡ. ಅವರನ್ನು ನಾವು ‘ಸಿಲೋನಿನವರು’ ಎನ್ನುತ್ತಿದ್ದೆವು. ಸಿಲೋನನ್ನು ಕಂಡವರು ಅವರ ಅಜ್ಜ ಅಜ್ಜಿಯರು ಎಂಬುದು ನಮಗೆ ಹೊಳೆದಿರಲಿಲ್ಲ.

ಬ್ರಿಟಿಷರ ಕಾಲದಲ್ಲಿ ತಮಿಳುನಾಡಿನಿಂದ ಸಿಲೋನಿನ ಕಾಫಿ ತೋಟಗಳಿಗೆ, ಆಮೇಲೆ ಚಹಾ, ರಬ್ಬರ್ ತೋಟಗಳಿಗೆ ಹೋದ ಕೂಲಿಗಳ ಸಂತತಿ ಇವರದು. ಅಲ್ಲಿ ಕೆಲಸ ಇಷ್ಟವಾಗದಿದ್ದರೆ ಬಿಡುವ ಹಾಗಿರಲಿಲ್ಲ. 1865ರ ಕಾನೂನಿನ ಪ್ರಕಾರ ಹೇಳದೆ ಕೆಲಸ ಬಿಟ್ಟು ಹೋಗುವುದು ಅಪರಾಧ, ಜೈಲಿಗೂ ಹಾಕಬಹುದಿತ್ತು. ಅದರ ಮೇಲೆ ‘ತುಂಡು’ ಎಂಬ ಪದ್ಧತಿ. ಇಂಥ ಕೂಲಿಯ ಸಾಲ ಇಷ್ಟು, ಅದನ್ನು ತೀರಿಸಿದರೆ ಇವನನ್ನು ಬಿಟ್ಟುಕೊಡುತ್ತೇವೆ ಎಂದು ಬರೆದ ಚೀಟಿ. ಹೊಸ ತೋಟದವರು ಸಾಲ ಕೊಟ್ಟು ಆಳನ್ನು ಕರೆದೊಯ್ಯುತ್ತಿದ್ದರು, ಸಾಲ ಮಾತ್ರ ಆಳಿನ ತಲೆಯ ಮೇಲೆಯೇ ಉಳಿಯುತ್ತಿತ್ತು. ಕನ್ನಡದ ತುಂಡೂ ತಮಿಳಿನ ತುಂಡೂ ಒಂದೇ. ಬಿಡುಗಡೆಗೆ ಇದಕ್ಕಿಂತ ಸರಿಯಾದ ಹೆಸರು ಸಿಗಲಿಕ್ಕಿಲ್ಲ. 1921ರಲ್ಲಿ ಈ ಪದ್ಧತಿ ರದ್ದಾಯಿತು. ಆದರೆ ‘ಲೈನ್’ ಮನೆಗಳು ಉಳಿದವು. ಸಾಲಾಗಿ ಕಟ್ಟಿದ ಒಂದೊಂದು ಕೋಣೆ, ಕೆಲಸವಿದ್ದರಷ್ಟೇ ಸೂರು.

1948ರಲ್ಲಿ ಸ್ವತಂತ್ರ ಸಿಲೋನಿನ ಪೌರತ್ವ ಕಾಯ್ದೆ ಇವರಲ್ಲಿ ಬಹುಪಾಲು ಜನರನ್ನು ಯಾವ ದೇಶದವರೂ ಅಲ್ಲದಂತೆ ಮಾಡಿತು. 1964ರ ಅಕ್ಟೋಬರ್ 30ರಂದು ಲಾಲ್ ಬಹಾದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಕೆ ಒಪ್ಪಂದಕ್ಕೆ ಸಹಿ ಹಾಕಿದರು: 5,25,000 ಜನ ಭಾರತಕ್ಕೆ, 3,00,000 ಜನ ಸಿಲೋನಿಗೆ. ಉಳಿದ ಒಂದೂವರೆ ಲಕ್ಷವನ್ನು 1974ರಲ್ಲಿ ಎರಡೂ ದೇಶಗಳು ಸಮಪಾಲು ಮಾಡಿಕೊಂಡವು. ತೆಂಗಿನಕಾಯಿ ಪಾಲು ಮಾಡಿದ ಹಾಗೆ. ತಲೈಮನ್ನಾರಿನಿಂದ ಹಡಗು, ರಾಮೇಶ್ವರ, ಮಂಡಪಂ ಕ್ಯಾಂಪು. ಅಲ್ಲಿಂದ ಕೆಲವರು ನಮ್ಮ ಊರಿಗೆ. 1971ರಲ್ಲಿ ಸ್ಥಾಪನೆಯಾದ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮ ಸುಳ್ಯ, ಪುತ್ತೂರು ತಾಲೂಕುಗಳಲ್ಲಿ (ಕಡಬ ಆಗ ಪುತ್ತೂರಿನದೇ ಭಾಗ) ರಬ್ಬರ್ ಬೆಳೆಸಿ ಇವರಿಗೆ ಕೆಲಸ ಕೊಟ್ಟಿತು. ಚಹಾ ಕುಡಿ ಚಿವುಟಿ ಗೊತ್ತಿದ್ದ ಎಷ್ಟೋ ಕೈಗಳಿಗೆ ಟ್ಯಾಪಿಂಗ್ ಕತ್ತಿ ಬಂತು. ವಾಸಕ್ಕೆ ಕಾಲೊನಿಯ ಕ್ವಾರ್ಟರ್ಸ್. ನಿವೃತ್ತಿಯಾದರೆ ಅದನ್ನು ಬಿಡಬೇಕು. ಹಾಗಾಗಿ ಮನೆಯಲ್ಲಿ ಒಬ್ಬರಾದರೂ ಕತ್ತಿ ಹಿಡಿದಿರಲೇಬೇಕು.

‘ಅವರಿಗೆ ಅಭ್ಯಾಸವಾಗಿಬಿಟ್ಟಿದೆ’ ಎಂಬ ಮಾತನ್ನು ನಮ್ಮ ಕಡೆ ಬಹಳ ಕೇಳಿದ್ದೇನೆ. ಕಡತಗಳಲ್ಲೂ ಎಷ್ಟು ಜನ, ಎಷ್ಟು ಹೆಕ್ಟೇರು ಎಂದಷ್ಟೇ ಇರುತ್ತದೆ. ಕೆಲಸ ಇಷ್ಟವೇ ಎಂದು ಯಾವ ಫಾರಮ್ಮಿನಲ್ಲೂ ಕೇಳುವುದಿಲ್ಲ. ನಾನು ಒಬ್ಬ ಹಿರಿಯ ಟ್ಯಾಪರ್ ಅಕ್ಕನನ್ನು ಕೇಳಿದೆ.

“ಇಷ್ಟವಾ? ನನ್ನ ಅಪ್ಪನನ್ನೇ ಯಾರೂ ಕೇಳಲಿಲ್ಲ ತಂಬಿ,” ಎಂದು ನಕ್ಕರು.

ಅವರಿಗೆ ಆಗದ್ದು ಮಳೆಗಾಲದ ಉಂಬಳವಲ್ಲ, ವಾಸನೆ. ಗೆರಟೆಯಲ್ಲಿ ಹೆಪ್ಪುಗಟ್ಟಿದ ಹಾಲಿನ ಆ ಹುಳಿ ನಾತ ಸೋಪಿಗೂ ಹೋಗುವುದಿಲ್ಲ. ಮೂವತ್ತು ವರ್ಷಗಳಿಂದ ಅವರು ತೋಟದ ಬಟ್ಟೆಯನ್ನು ಹೊಸ್ತಿಲ ಒಳಗೆ ತಂದಿಲ್ಲ. ಹೊರಗೆ ಬಚ್ಚಲಿನ ಹತ್ತಿರ ಒಂದು ಮೊಳೆ, ಅದಕ್ಕೇ ತೂಗುಹಾಕುವುದು. ಸ್ನಾನ ಮಾಡಿ ಒಳಗೆ ಬಂದ ಮೇಲೆ ಹೊಲಿಗೆ ಮಿಷಿನ್ನು. “ಮಧ್ಯಾಹ್ನದ ಮೇಲೆ ನನ್ನದು,” ಎಂದರು. ಆದರೆ ತಾವು ಕೊಯ್ದ ಮರಗಳಲ್ಲಿ ಗಾಯ ತೋರಿಸಿ ನೋಡುವಾ ಎಂದು ಸವಾಲು ಹಾಕುವಾಗ ಅವರ ದನಿಯೇ ಬೇರೆ. ಆಗದ ಕೆಲಸವನ್ನು ಚೆನ್ನಾಗಿ ಮಾಡುವುದು ಯಾತಕ್ಕೆ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ.

ಸಂಶೋಧನೆಗೆ ಸೇರುವ ಮೊದಲು ನಾನೂ ಮಂಗಳೂರಿನ ಒಂದು ಕಚೇರಿಯಲ್ಲಿ ದುಡಿದು, ಆಗುವುದಿಲ್ಲವೆಂದು ಬಿಟ್ಟು ಬಂದವನು. ಅಮ್ಮ ಎರಡು ದಿನ ಮಾತಾಡಲಿಲ್ಲ, ಅಷ್ಟೆ. ನನ್ನ ಕೋಣೆ ಇದ್ದಲ್ಲೇ ಇತ್ತು. ಇದನ್ನು ಅಕ್ಕನಿಗೆ ಹೇಳಿದಾಗ ಅವರು ಕೇಳಿದ ಮೊದಲ ಪ್ರಶ್ನೆ, “ಮನೆ ಯಾರದ್ದು, ಸ್ವಂತದ್ದಾ?”

ಅವರಿಗೆ ಇನ್ನು ಎರಡು ವರ್ಷ ಸರ್ವಿಸ್ ಇದೆ. ಮಗ ಊರು ಬಿಟ್ಟಿದ್ದಾನೆ. ಮಗಳು ಸುಳ್ಯದ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾಳೆ, ಅವಳಿಗೆ ಆ ಕೆಲಸ ಇಷ್ಟ. ಅವಳನ್ನು ತೋಟಕ್ಕೆ ಸೇರಿಸುವುದೋ, ಐದು ಸೆಂಟ್ಸ್ ಜಾಗ ಹುಡುಕುವುದೋ ಎಂದು ಮನೆಯಲ್ಲಿ ಮಾತು ನಡೆದಿದೆ. ನಾನು ಹೊರಟಾಗ ಅವರು ಮೆಟ್ಟಿಲ ಮೇಲೆ ಕೂತು ನಾಳೆಗೆ ಕತ್ತಿ ಮಸೆಯುತ್ತಿದ್ದರು.