ಐಗಳ ಮಠ: ಗಣತಿ ಮತ್ತು ಸಂಭಾವನೆ

ಮದರಾಸು ಪ್ರಾಂತ್ಯದ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ದೇಶೀಯ ಶಾಲೆಗಳ ಗಣತಿಗೆ ಆದೇಶಿಸಿದನು. ಬಳ್ಳಾರಿಯ ಕಲೆಕ್ಟರ್ ಕ್ಯಾಂಪ್‌ಬೆಲ್ 1823ರಲ್ಲಿ 533 ಶಾಲೆಗಳ, 6,641 ವಿದ್ಯಾರ್ಥಿಗಳ ಲೆಕ್ಕ ಕೊಟ್ಟನು. ಅವುಗಳಲ್ಲಿ ಒಂದಕ್ಕೂ ಸರ್ಕಾರದ ನೆರವಿರಲಿಲ್ಲ. ಕೆನರಾ ಜಿಲ್ಲೆಯ ಕಲೆಕ್ಟರನಾದರೋ, ಅಲ್ಲಿ ಕಲಿಕೆ ಖಾಸಗಿಯಾಗಿ ನಡೆಯುತ್ತದೆಂದು ತಿಳಿಸಿ ಅಂಕಿ ಅಂಶಗಳನ್ನೇ ಕಳುಹಿಸಲಿಲ್ಲ. ಹೀಗಾಗಿ ಕರಾವಳಿಯ ಉಪಾಧ್ಯಾಯರು ಆ ಗಣತಿಯಿಂದ ಹೊರಗುಳಿದರು.

ಉಪಾಧ್ಯಾಯರ ಗಳಿಕೆ ಸಾಮಾನ್ಯವಾಗಿ ತಿಂಗಳಿಗೆ ಆರೇಳು ರೂಪಾಯಿ ಮೀರದೆಂದು ಮನ್ರೋ 1826ರಲ್ಲಿ ಗುರುತಿಸಿದನು. ತಹಸೀಲು ಶಾಲೆಗೆ 9, ಜಿಲ್ಲಾ ಶಾಲೆಗೆ 15 ರೂಪಾಯಿ ವೇತನವನ್ನು ಸೂಚಿಸಿದನು. ತಹಸೀಲು ಶಾಲೆಯ ಉಪಾಧ್ಯಾಯನಿಗೆ ಕನಿಷ್ಠ ಅಷ್ಟೇ ಮೊತ್ತ ಮಕ್ಕಳಿಂದಲೂ ದೊರೆಯುವುದೆಂಬುದು ಅವನ ನಿರೀಕ್ಷೆ. ಎಂದರೆ ಸರ್ಕಾರಿ ಸಂಬಳದ ಈ ಆರಂಭಿಕ ಯೋಜನೆಯಲ್ಲಿಯೂ ಅರ್ಧ ಹೊರೆ ಊರವರ ಮೇಲೆಯೇ ಉಳಿದಿತ್ತು. 1836ರಲ್ಲಿ ಈ ಶಾಲೆಗಳು ರದ್ದಾದವು.

ಊರವರು ಹೊತ್ತ ಆ ಹೊರೆಯ ಸ್ವರೂಪವನ್ನು ಕರಾವಳಿಯ ‘ಹೂವಿನ ಕೋಲು’ ಪರಂಪರೆ ತಿಳಿಸುತ್ತದೆ. ನವರಾತ್ರಿಯಲ್ಲಿ ಐಗಳು ಮಠದ ಮಕ್ಕಳೊಡನೆ ಮನೆಮನೆಗೆ ಹೋಗಿ, ಹಾಡಿಸಿ, ಹರಸಿ ಕಾಣಿಕೆ ಪಡೆಯುತ್ತಿದ್ದರು. ಆ ಕಾಣಿಕೆ ಅವರ ಸಂಭಾವನೆಯ ಒಂದು ಭಾಗ. ಕಡತದ ಮೌನವನ್ನು ಉಪಾಧ್ಯಾಯರ ಅಭಾವವೆಂದು ಓದುವ ಮುನ್ನ ಇತಿಹಾಸಕಾರರು ಈ ಜಾನಪದ ಆಕರವನ್ನೂ ಪರಿಶೀಲಿಸುವುದು ಅಗತ್ಯ.