ಒನಕೆ ಅಕ್ಕಿಯೂ ಮೆಣಸಿನ ಸಾರೂ



ಬೀಜ, ಗೊಬ್ಬರ, ಔಷಧಿಗಳ ಮಾತನ್ನು ನಾವು ಬೇಕಾದಷ್ಟು ಆಡುತ್ತೇವೆ. ಬೆಳೆದ ಭತ್ತ ಮನೆಗೆ ಬಂದು ಅನ್ನವಾಗುವ ಹೊತ್ತಿಗೆ ಅದರಲ್ಲಿ ಏನು ಉಳಿದಿರುತ್ತದೆ, ಏನು ಹೋಗಿರುತ್ತದೆ ಅನ್ನೋದನ್ನು ಮಾತ್ರ ಕೇಳೋದಿಲ್ಲ. ಅದು ಹೆಂಗಸರ ಕೆಲಸ ಅಂತ ಬಿಟ್ಟುಬಿಡುತ್ತೇವೆ. ಈ ಹೊತ್ತು ಅದನ್ನೇ ಕೇಳೋಣ. ತೌಡು ಹೋಗದ ಅಕ್ಕಿ ಮತ್ತು ಕಾಳುಮೆಣಸು, ಇವೆರಡರ ಚರಿತ್ರೆಯನ್ನು ಸ್ವಲ್ಪ ತಿಳಿದುಕೊಳ್ಳೋಣ. ಇವೆರಡೂ ಒಟ್ಟಿಗೆ ಬರುವ ಜಾಗ ಬಾಣಂತಿಯ ತಟ್ಟೆ. ಮಾತಿನ ಕೊನೆಗೆ ಅಲ್ಲಿಗೇ ಬರುತ್ತೇನೆ.

ಈಗ ನಮ್ಮ ಮನೆಗಳಲ್ಲಿ ಖಾರ ಅಂದರೆ ಒಣಮೆಣಸಿನಕಾಯಿ. ಆದರೆ ಇದು ನಮ್ಮ ನೆಲದ್ದಲ್ಲ. ಅಮೆರಿಕಾ ಖಂಡದಲ್ಲಿ ಹುಟ್ಟಿದ್ದು. ವಾಸ್ಕೋ ಡ ಗಾಮ ೧೪೯೮ರಲ್ಲಿ ಕಲ್ಲಿಕೋಟೆಗೆ ಬಂದಿಳಿದ ಮೇಲೆ, ಪೋರ್ಚುಗೀಸರ ಹಡಗುಗಳ ಜೊತೆಯಲ್ಲಿ ನಮ್ಮ ಕಡೆಗೆ ಬಂತು. ಅದಕ್ಕೂ ಮುಂಚೆ ಖಾರ ಬೇಕಾದರೆ ಕಾಳುಮೆಣಸು, ಶುಂಠಿ, ಹಿಪ್ಪಲಿ ಇವೇ ಗತಿ. ನಮ್ಮ ಭಾಷೆಯೇ ಇದಕ್ಕೆ ಸಾಕ್ಷಿ. ಮೆಣಸು ಅನ್ನೋ ಹೆಸರು ಮೊದಲು ಕಾಳಿನದು. ಆಮೇಲೆ ಬಂದದ್ದು ಕಾಯಿಯಾದ್ದರಿಂದ ಮೆಣಸಿನಕಾಯಿ ಆಯಿತು.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಕ್ರಿ. ಶ. ೧೧೩೦ರ ಸುಮಾರಿಗೆ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಅರಮನೆಯ ಅಡಿಗೆಯ ವಿಚಾರ ಅದರಲ್ಲಿ ವಿಸ್ತಾರವಾಗಿದೆ. ಅನ್ನಕ್ಕೆ ಯೋಗ್ಯವಾದ ಅಕ್ಕಿಗಳನ್ನು ಹೇಳುವಾಗ ರಕ್ತಶಾಲಿಯ, ಎಂದರೆ ಕೆಂಪಕ್ಕಿಯ, ಹೆಸರು ಬರುತ್ತದೆ. ಖಾರಕ್ಕೆ ಮೆಣಸು ಬರುತ್ತದೆ. ಮೆಣಸಿನಕಾಯಿಯ ಸುಳಿವೇ ಇಲ್ಲ. ಈ ಹೊತ್ತು ಬಡವರ ಊಟವೆಂದು ನಾವು ಬದಿಗೆ ಸರಿಸಿದ ಕೆಂಪಕ್ಕಿ ಆ ಕಾಲದಲ್ಲಿ ದೊರೆಯ ಊಟದ್ದಾಗಿತ್ತು.

ಮೆಣಸಂತೂ ರಾಜ್ಯಗಳನ್ನೇ ಆಳಿತು. ಹದಿನಾರನೆಯ ಶತಮಾನದಲ್ಲಿ ಶರಾವತಿ ದಂಡೆಯ ಗೇರುಸೊಪ್ಪೆಯಿಂದ ಆಳಿದ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದೇ ಕರೆದರು. ಘಟ್ಟದ ತೋಟಗಳಲ್ಲಿ ಮರಕ್ಕೆ ಹಬ್ಬಿದ ಬಳ್ಳಿಯ ಫಸಲು ಅವಳ ಬಂದರುಗಳಿಂದ ಹಡಗು ಹತ್ತುತ್ತಿತ್ತು. ನಾವು ಮಾತ್ರ ಈಗ ಮನೆಯ ಮೆಣಸನ್ನೆಲ್ಲ ಮಂಡಿಗೆ ಸಾಗಿಸಿ, ಸಂತೆಯಿಂದ ಖಾರದಪುಡಿ ತರುತ್ತೇವೆ.

ಈಗ ಅಕ್ಕಿಯ ಕಡೆ ಬರೋಣ. ಒಂದು ಭತ್ತದ ಕಾಳನ್ನು ಕೈಯಲ್ಲಿ ಹಿಡಿದು ನೋಡಿ. ಹೊರಗೆ ಒರಟು ಹೊಟ್ಟು, ಅದರೊಳಗೆ ತೆಳುವಾದ ತೌಡಿನ ಪದರ, ಕಾಳಿನ ತುದಿಯಲ್ಲಿ ಮೊಳಕೆ, ನಡುವೆ ಬಿಳಿಯ ಭಾಗ. ನೂರು ಕಿಲೋ ಭತ್ತದಲ್ಲಿ ಸುಮಾರು ೨೦ ಕಿಲೋ ಹೊಟ್ಟು, ಎಂಟು ಹತ್ತು ಕಿಲೋ ತೌಡು ಮತ್ತು ಮೊಳಕೆ. ತೂಕದಲ್ಲಿ ಈ ತೌಡು ಕಡಮೆಯೇ. ಆದರೆ ಬಿ-೧ ಎಂಬ ಜೀವಸತ್ವದ ಬಹುಭಾಗ, ನಾರು, ಎಣ್ಣೆ, ಖನಿಜಗಳು ಇರುವುದು ಅಲ್ಲಿಯೇ. ನಮ್ಮ ಅಜ್ಜಿಯಂದಿರು ಒರಳಿನಲ್ಲಿ ಭತ್ತ ಹಾಕಿ ಒನಕೆಯಲ್ಲಿ ಕುಟ್ಟಿದಾಗ ಹೊಟ್ಟು ಪೂರ್ತಿ ಹೋಗುತ್ತಿತ್ತು, ತೌಡು ಅರೆಬರೆ ಹೋಗುತ್ತಿತ್ತು. ಅದೇ ಕೊಟ್ಟಣದ ಅಕ್ಕಿ.

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಉಗಿಯಂತ್ರದ ಗಿರಣಿಗಳು ಏಷ್ಯಾದ ಭತ್ತದ ನಾಡುಗಳಲ್ಲಿ ಹರಡಿದವು. ಅಕ್ಕಿ ಮಲ್ಲಿಗೆಯಂತೆ ಬೆಳ್ಳಗಾಯಿತು. ಅದರ ಬೆನ್ನಿಗೇ ಬೆರಿಬೆರಿ ಎಂಬ ರೋಗ ಹೆಚ್ಚಿತು. ಕಾಲು ಜೋಮು ಹಿಡಿಯುವುದು, ಬಲ ಹೋಗುವುದು, ಮೈ ಊದುವುದು, ಕೊನೆಗೆ ಹೃದಯವೇ ಸೋಲುವುದು, ಇದು ಅದರ ಲಕ್ಷಣ. ಡಚ್ಚರ ಆಳ್ವಿಕೆಯಲ್ಲಿದ್ದ ಜಾವಾ ದ್ವೀಪದಲ್ಲಿ ಐಕ್ಮನ್ ಎಂಬ ವೈದ್ಯರು ಇದರ ಕಾರಣ ಹುಡುಕುತ್ತಿದ್ದರು. ೧೮೮೯ರಲ್ಲಿ ಅವರ ಪ್ರಯೋಗಶಾಲೆಯ ಕೋಳಿಗಳಿಗೆ ಕಾಲು ಸೋತು ಬೀಳುವ ರೋಗ ಬಂತು. ಕೆಲವು ತಿಂಗಳ ಮೇಲೆ ತಾನಾಗಿ ವಾಸಿಯಾಯಿತು. ವಿಚಾರಿಸಿದರೆ, ನಡುವಿನ ತಿಂಗಳುಗಳಲ್ಲಿ ಕೋಳಿಗೆ ಹಾಕಿದ್ದು ಸೈನಿಕ ಆಸ್ಪತ್ರೆಯ ಅಡಿಗೆಮನೆಯ ಬಿಳಿ ಅನ್ನ. ಹೊಸದಾಗಿ ಬಂದ ಅಡಿಗೆಯವನು ಸೈನ್ಯದ ಅನ್ನವನ್ನು ಕೋಳಿಗೆ ಕೊಡೋದಿಲ್ಲ ಎಂದದ್ದರಿಂದ ಪಾಪ, ಅವಕ್ಕೆ ಮತ್ತೆ ತೌಡಿರುವ ಅಕ್ಕಿ ಸಿಕ್ಕಿತು, ಎದ್ದು ಓಡಾಡಿದವು! ಬಿಳಿ ಅಕ್ಕಿಯಲ್ಲಿ ಏನೋ ವಿಷವಿದೆ ಎಂದು ಐಕ್ಮನ್ನರು ಮೊದಲು ಭಾವಿಸಿದರು. ವಿಷವಲ್ಲ, ಬೇಕಾದದ್ದೊಂದು ಅದರಲ್ಲಿ ಇಲ್ಲ ಎಂದು ೧೯೦೧ರಲ್ಲಿ ಅವರ ನಂತರದ ಗ್ರೈನ್ಸ್ ಎಂಬುವರು ಹೇಳಿದರು. ಆ ‘ಬೇಕಾದದ್ದು’ ೧೯೨೬ರಲ್ಲಿ ಅದೇ ಜಾವಾದಲ್ಲಿ ತೌಡಿನಿಂದ ಬೇರ್ಪಟ್ಟು ಕಣ್ಣಿಗೆ ಬಿತ್ತು. ೧೯೨೯ರಲ್ಲಿ ಐಕ್ಮನ್ನರಿಗೆ ನೊಬೆಲ್ ಪಾರಿತೋಷಕ ಬಂತು.

ಇನ್ನೊಂದು ಸಂಗತಿ ನಮ್ಮ ದೇಶದ ಅಕ್ಕಿಗೇ ಸೇರಿದ್ದು. ಮಲಯಾದಲ್ಲಿ ದುಡಿಯುತ್ತಿದ್ದ ತಮಿಳು ಕೂಲಿಗಾರರಿಗೆ ಬೆರಿಬೆರಿ ಅಪರೂಪ. ಅವರು ಉಣ್ಣುತ್ತಿದ್ದದ್ದು ಕುಚ್ಚಲಕ್ಕಿ. ೧೯೦೫ರಲ್ಲಿ ಡಾ. ಫ್ಲೆಚರ್ ಎಂಬುವರು ಕೌಲಾಲಂಪುರದ ಮಾನಸಿಕ ರೋಗಿಗಳ ಆಸ್ಪತ್ರೆಯಲ್ಲಿ ಎರಡು ಪಂಕ್ತಿ ಮಾಡಿದರು. ಬಿಳಿ ಬೆಳ್ತಿಗೆ ಅಕ್ಕಿ ಉಂಡ ೧೨೦ ಜನರಲ್ಲಿ ೧೮ ಮಂದಿ ಆ ರೋಗದಿಂದ ಸತ್ತರು. ಭಾರತದ ಕುಚ್ಚಲಕ್ಕಿ ಉಂಡ ೧೨೩ ಜನರಲ್ಲಿ ಒಬ್ಬರೂ ಅದರಿಂದ ಸಾಯಲಿಲ್ಲ. ಕೈಲಾಗದ ರೋಗಿಗಳ ಮೇಲೆ ಹೀಗೆ ಪರೀಕ್ಷೆ ಮಾಡಿದ್ದು ನ್ಯಾಯವಲ್ಲ. ಆದರೆ ಅವರು ತೆತ್ತ ಬೆಲೆಯಿಂದ ಬಂದ ತಿಳಿವನ್ನು ನಾವು ಕಳೆಯಬಾರದು. ಭತ್ತವನ್ನು ಹೊಟ್ಟಿನ ಸಮೇತ ನೆನೆಸಿ ಬೇಯಿಸಿದಾಗ ತೌಡಿನ ಸತ್ವ ಕಾಳಿನ ಒಳಕ್ಕೆ ಇಳಿಯುತ್ತದೆ. ಗಿರಣಿಗೆ ಹೋದರೂ ಬಹಳಷ್ಟು ಉಳಿಯುತ್ತದೆ. ದಕ್ಷಿಣ ಕನ್ನಡ, ಉಡುಪಿಯ ಕಡೆಯ ಗಂಜಿಯೂಟದ ಹಿಂದಿರುವ ಜಾಣತನ ಇದೇ.

ನಮ್ಮವರು ಸುಮ್ಮನೆ ಕೂತಿರಲಿಲ್ಲ. ೧೯೩೪ರಲ್ಲಿ ಗಾಂಧೀಜಿಯವರು ಅಖಿಲ ಭಾರತ ಗ್ರಾಮೋದ್ಯೋಗ ಸಂಘವನ್ನು ಆರಂಭಿಸಿದಾಗ ಕೊಟ್ಟಣದ ಅಕ್ಕಿ ಅದರ ಮುಖ್ಯ ಕೆಲಸಗಳಲ್ಲೊಂದು. ಸ್ವಾತಂತ್ರ್ಯ ಬಂದ ಮೇಲೆ, ೧೯೫೮ರಲ್ಲಿ, ಗಿರಣಿಗಳಿಗೆ ಲಗಾಮು ಹಾಕುವ ಕಾಯಿದೆಯೂ ಆಯಿತು. ಆಮೇಲೆ ಅದು ರದ್ದಾಯಿತು. ಒನಕೆ ಅಟ್ಟ ಸೇರಿತು.

ಸೇರಿದ್ದು ಒಳ್ಳೆಯದೇ ಆಯಿತು ಅನ್ನುವವರಿದ್ದಾರೆ. ಮಲೆನಾಡಿನ ಒಂದು ಊರಿನಲ್ಲಿ ಈ ಮಾತು ತೆಗೆದಾಗ ವಯಸ್ಸಾದ ಅಜ್ಜಿಯೊಬ್ಬರು ನನ್ನನ್ನು ಅಲ್ಲೇ ತಡೆದರು. “ಅಲ್ಲಪ್ಪಾ ತಮ್ಮಾ, ಒನಕೆ ಹಿಡಿದ ಕೈ ನಂದು. ಬಸುರಿ ಇದ್ದಾಗಲೂ ಕುಟ್ಟೀನಿ, ಹಸೀ ಮೈಲೂ ಕುಟ್ಟೀನಿ. ಆ ಅಕ್ಕಿ ಹೊಗಳೋರು ಒಂದ್ ದಿನ ಬಂದು ಕುಟ್ಟಲಿ, ನೋಡ್ತೀನಿ” ಅಂದರು. ನನ್ನ ಹತ್ತಿರ ಉತ್ತರವಿರಲಿಲ್ಲ. ಅವರ ಮಾತು ದಿಟ. ಆದ್ದರಿಂದ ಒನಕೆಗೆ ಹಿಂದಿರುಗಿ ಎಂದು ನಾನು ಹೇಳುವುದಿಲ್ಲ. ಗಿರಣಿ ಹೆಂಗಸಿನ ಬೆನ್ನು ಉಳಿಸಿತು. ತಪ್ಪಿದ್ದು ಗಿರಣಿಯದಲ್ಲ, ಬಿಳುಪಿನ ಮೇಲೆ ನಮಗೆ ಹುಟ್ಟಿದ ಆಸೆಯದು.

ಈಗ ಬಾಣಂತಿಯ ತಟ್ಟೆಗೆ ಬರೋಣ. ಹೆರಿಗೆಯಾದ ಮೇಲೆ ಅನೇಕ ಮನೆಗಳಲ್ಲಿ ಕೊಡುವುದು ಬಿಸಿ ಅನ್ನ, ಮೆಣಸಿನ ಸಾರು, ತುಪ್ಪ, ಬೆಳ್ಳುಳ್ಳಿ. ಸೊಪ್ಪು ಶೀತ, ಬೇಳೆ ವಾಯು, ಹಣ್ಣು ನಂಜು ಎಂದು ಉಳಿದದ್ದೆಲ್ಲ ಬೇಡ. ಈ ಪಥ್ಯ ಹುಟ್ಟಿದ ಕಾಲದಲ್ಲಿ ತಟ್ಟೆಯ ಅನ್ನ ಒನಕೆಯದು. ಪಥ್ಯ ಹಾಗೇ ಉಳಿಯಿತು, ಅಕ್ಕಿ ಮಾತ್ರ ಬದಲಾಯಿತು. ಮೂರು ನಾಲ್ಕು ನೀರಿನಲ್ಲಿ ತೊಳೆದು, ಗಂಜಿ ಬಸಿದು ಚೆಲ್ಲಿದ ಬಿಳಿ ಅನ್ನದಲ್ಲಿ ಬಿ-೧ ಎಷ್ಟು ಉಳಿದೀತು? ತಾಯಿಯಲ್ಲಿ ಇಲ್ಲದ್ದು ಹಾಲಿನಲ್ಲಿ ಬಾರದು. ಬೆರಿಬೆರಿ ಹಳೆಯ ಕಾಲದ ಕತೆ ಎಂದು ತಿಳಿಯಬೇಡಿ. ಬಿಳಿ ಅನ್ನ ಮತ್ತು ಕಟ್ಟುನಿಟ್ಟಿನ ಪಥ್ಯದಲ್ಲಿದ್ದ ತಾಯಂದಿರ ಎಳೆಗೂಸುಗಳಲ್ಲಿ ಈ ಕೊರತೆಯನ್ನು ನಮ್ಮ ಕರ್ನಾಟಕದ ವೈದ್ಯರೇ ಈಚಿನ ವರ್ಷಗಳಲ್ಲಿ ಕಂಡು ಬರೆದಿದ್ದಾರೆ. ಮೊಲೆ ಹಾಲು ಕುಡಿಯುತ್ತಿದ್ದ ಕೂಸು ಕುಡಿಯುವುದನ್ನು ಬಿಟ್ಟರೆ, ಅಳುವಿನ ದನಿ ಒಡೆದರೆ, ಏದುಸಿರು ಬಿಟ್ಟರೆ, ದೃಷ್ಟಿ ತೆಗೆಯುತ್ತಾ ಕೂರಬೇಡಿ. ಆ ಕ್ಷಣವೇ ಆಸ್ಪತ್ರೆಗೆ ಒಯ್ಯಿರಿ. ತಾಯಿ ಏನು ಉಣ್ಣುತ್ತಿದ್ದಾಳೆ ಎಂಬುದನ್ನೂ ವೈದ್ಯರಿಗೆ ಹೇಳಿರಿ. ಕಾರಣ ಈ ಕೊರತೆಯೇ ಆಗಿದ್ದರೆ ಬಿ-೧ ಚುಚ್ಚುಮದ್ದಿನಿಂದ ಕೂಸು ಬೇಗ ಚೇತರಿಸಿಕೊಳ್ಳುತ್ತದೆ.

ಹಾಗಾದರೆ ಮಾಡಬೇಕಾದ್ದೇನು? ಗಿರಣಿಗೆ ಹೋದಾಗ, “ಹೊಟ್ಟು ಮಾತ್ರ ತೆಗೆದುಕೊಡಿ, ಪಾಲಿಷ್ ಬೇಡ” ಎಂದು ಹೇಳಿ. ರಬ್ಬರ್ ರೋಲರ್ ಇರುವ ಗಿರಣಿಯಲ್ಲಿ ಇದು ಸುಲಭ. ಕೆಂಪಕ್ಕಿಯೇ ಆಗಬೇಕೆಂದಿಲ್ಲ. ಯಾವ ಭತ್ತವಾದರೂ ಸರಿ. ರಾಜಮುಡಿಯಾಗಲಿ, ಕುಮಟೆ ಕಡೆಯ ಕಗ್ಗವಾಗಲಿ, ಚೆನ್ನಾಗಿ ಪಾಲಿಷ್ ಮಾಡಿಸಿದರೆ ಅದರ ಕೆಂಪೂ ಹೋಯಿತು, ಸತ್ವವೂ ಹೋಯಿತು. ಇನ್ನೊಂದು ಎಚ್ಚರಿಕೆ. ತೌಡಿನಲ್ಲಿ ಎಣ್ಣೆ ಇರುವುದರಿಂದ ಈ ಅಕ್ಕಿ ಬೇಗ ಕಮಟು ಹಿಡಿಯುತ್ತದೆ, ಹುಳುವೂ ಬೇಗ ಬೀಳುತ್ತದೆ. ಭತ್ತವಾಗಿಯೇ ಇಟ್ಟುಕೊಂಡು ಮೂರು ವಾರಕ್ಕೆ ಬೇಕಾದಷ್ಟನ್ನೇ ಮಾಡಿಸಿ.

ಅನ್ನ ಮಾಡುವ ಕ್ರಮ ಇದು. ಅಕ್ಕಿಯನ್ನು ಒಂದೆರಡು ಸಲ ತೊಳೆದು, ಒಂದು ಲೋಟ ಅಕ್ಕಿಗೆ ಮೂರು ಲೋಟ ನೀರು ಹಾಕಿ, ನಾಲ್ಕೈದು ಗಂಟೆ ನೆನೆಯಲು ಬಿಡಿ. ಅದೇ ನೀರಿನಲ್ಲಿ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬೇಯಿಸಿ. ಗಂಜಿ ಬಸಿಯಬೇಡಿ. ಬಸಿದರೂ ಚೆಲ್ಲಬೇಡಿ, ಉಪ್ಪು ಮಜ್ಜಿಗೆ ಹಾಕಿ ಕುಡಿಯಿರಿ. ಹಲ್ಲಿಲ್ಲದ ಮುದುಕರಿಗೆ, ಮಕ್ಕಳಿಗೆ ಇನ್ನೂ ಒಂದು ಲೋಟ ನೀರು ಹೆಚ್ಚಿಗೆ ಹಾಕಿ ಮೆತ್ತಗೆ ಮಾಡಿ. ಮೊದಲ ವಾರ ಮನೆಯವರು ಗೊಣಗುತ್ತಾರೆ. ಅರ್ಧ ಬಿಳಿ ಅಕ್ಕಿ ಬೆರೆಸಿ ರೂಢಿ ಮಾಡಿಸಿ.

ಮೆಣಸಿನ ಸಾರಿಗೆ ಒಂದು ಚಮಚ ಕಾಳುಮೆಣಸು, ಒಂದು ಚಮಚ ಜೀರಿಗೆ ಬೆಚ್ಚಗೆ ಹುರಿದು ತರಿತರಿಯಾಗಿ ಕುಟ್ಟಿ. ಹುಣಸೆ ನೀರಿಗೆ ಉಪ್ಪು, ಅರಿಸಿನ, ಚೂರು ಬೆಲ್ಲ ಹಾಕಿ ಹಸಿವಾಸನೆ ಹೋಗುವವರೆಗೆ ಕುದಿಸಿ. ಒಂದು ಹಿಡಿ ಬೇಯಿಸಿದ ಹೆಸರುಬೇಳೆ ಸೇರಿಸಿ. ಮೆಣಸಿನ ಪುಡಿಯನ್ನು ಕೊನೆಗೆ ಹಾಕಿ, ಒಂದು ಕುದಿ ಬಂದೊಡನೆ ಇಳಿಸಿ. ಮೆಣಸಿನ ಘಮ ಅದರ ಕಪ್ಪು ಸಿಪ್ಪೆಯಲ್ಲಿದೆ. ಹೆಚ್ಚು ಕುದಿಸಿದರೆ ಹಬೆಯ ಜೊತೆ ಹಾರಿಹೋಗುತ್ತದೆ. ತುಪ್ಪದಲ್ಲಿ ಸಾಸಿವೆ, ಬೆಳ್ಳುಳ್ಳಿ, ಕರಿಬೇವಿನ ಒಗ್ಗರಣೆ ಕೊಡಿ. ಮೆಣಸು ರುಚಿಗೆ, ಜೀರ್ಣಕ್ಕೆ ಒಳ್ಳೆಯದು. ಆದರೆ ಅನ್ನದಲ್ಲಿ ಇಲ್ಲದ ಬಿ-೧ನ್ನು ಅದು ತಂದುಕೊಡಲಾರದು. ಅದಕ್ಕೇ ಬೇಳೆ ಹಾಕಲು ಹೇಳಿದ್ದು. ಬಾಣಂತಿಯ ತಟ್ಟೆಗೆ ಸೊಪ್ಪಿನ ಪಲ್ಯವೂ ಬರಲಿ. ಮೊಟ್ಟೆ, ಮೀನು ತಿನ್ನುವ ಮನೆಯವರು ಅದನ್ನೂ ಕೊಡಿ.

ಇಷ್ಟೂ ಕೇಳಿ ಮುಂದಿನ ಸಲ ಗಿರಣಿಗೆ ಹೋಗುವವರು ಬಹುಮಟ್ಟಿಗೆ ಗಂಡಸರು. ಆದ್ದರಿಂದ ಕೊನೆಯ ಮಾತು ನಿಮಗೆ. ಅಕ್ಕಿ ಬಿಳಿಯಾಗಿಲ್ಲ ಎಂದು ತಟ್ಟೆ ತಳ್ಳಬೇಡಿ. ಮನೆಯಲ್ಲಿ ಬಸುರಿಯೋ ಬಾಣಂತಿಯೋ ಇದ್ದರೆ, ಮೂಟೆ ಇಳಿಸುವ ಮುಂಚೆಯೇ ಗಿರಣಿಯವರಿಗೆ ಆ ಒಂದು ಮಾತು ಹೇಳಿ.