ಅರಣ್ಯಶಿಬಿರವೂ ಶೀಲಶಿಕ್ಷಣವೂ

ಹದಿಹರೆಯದ ಬಾಲಕರನ್ನು ಮನೆಯ ಸುಖದಿಂದ ಬಿಡಿಸಿ, ಕಾಡುಮೇಡುಗಳಿಗೆ ಕರೆದೊಯ್ದು ಶೀಲವನ್ನು ಕಲಿಸುವುದು ನಮಗೆ ಹೊಸ ಮಾತಲ್ಲ. ವಿಶ್ವಾಮಿತ್ರರು ರಾಮಲಕ್ಷ್ಮಣರನ್ನು ದಶರಥನ ಅರಮನೆಯಿಂದ ಕರೆದೊಯ್ದ ಕಥೆಯನ್ನು ನಂಜನಗೂಡು, ತಿರುಮಕೂಡಲು ನರಸೀಪುರಗಳ ಸೀಮೆಯಲ್ಲಿ ಕೇಳದ ಮನೆಯಿಲ್ಲ. ಕಾವೇರಿ ಕಪಿಲೆಗಳು ಕೂಡುವೆಡೆಯಲ್ಲಿರುವ ಅಗಸ್ತ್ಯೇಶ್ವರನ ಗುಡಿಯೂ ಋಷ್ಯಾಶ್ರಮದ ನೆನಪನ್ನೇ ತರುವುದು. ಕ್ರೈಸ್ತರಲ್ಲಿಯೂ ಈ ಭಾವನೆಯುಂಟು. ಯೇಸುಸ್ವಾಮಿಯು ಉಪದೇಶಕ್ಕೆ ಹೊರಡುವ ಮುನ್ನ ನಲವತ್ತು ದಿನ ಅರಣ್ಯದಲ್ಲಿ ಉಪವಾಸವಿದ್ದು ಶೋಧನೆಯನ್ನು ಗೆದ್ದನೆಂದು ಸುವಾರ್ತೆಗಳು ಹೇಳುತ್ತವೆ.

ಈ ಭಾವನೆಯು ಬಾಲಕರ ಶಿಕ್ಷಣಕ್ರಮವಾಗಿ ರೂಪುಗೊಂಡುದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಭಾನುವಾರದ ಧರ್ಮಪಾಠಶಾಲೆಯ ಉಪಾಧ್ಯಾಯರಾಗಿದ್ದ ವಿಲಿಯಂ ಸ್ಮಿತ್ ಎಂಬವರು, ತುಂಟ ಹುಡುಗರನ್ನು ಬರಿಯ ಬೋಧನೆಯಿಂದ ಹಿಡಿದು ನಿಲ್ಲಿಸಲಾಗದೆಂದು ಕಂಡು, ೧೮೮೩ರಲ್ಲಿ 'ಬಾಯ್ಸ್ ಬ್ರಿಗೇಡ್' ಎಂಬ ಬಾಲಕರ ದಳವನ್ನು ಸ್ಥಾಪಿಸಿದರು. ವಿಧೇಯತೆ, ಭಕ್ತಿ, ಸಂಯಮ, ಆತ್ಮಗೌರವಗಳನ್ನು ಬೆಳೆಯಿಸುವುದೇ ಅದರ ಉದ್ದೇಶ. ಬೇಸಗೆಯ ರಜೆಯಲ್ಲಿ ಹುಡುಗರು ಕೈತಪ್ಪಿ ಹೋಗದಂತೆ ಅವರು ೧೮೮೬ರಲ್ಲಿ ಕಡಲತೀರದ ಹಳ್ಳಿಯೊಂದರಲ್ಲಿ ಶಿಬಿರ ಹೂಡಿದರು. ಅದಕ್ಕೆ ಹಿಂದಿನ ವರ್ಷವೇ ಅಮೆರಿಕದಲ್ಲಿ ಕ್ರೈಸ್ತ ಯುವಕರ ಸಂಘದ ಸಮ್ನರ್ ಡಡ್ಲಿಯವರು ಏಳು ಮಂದಿ ಹುಡುಗರೊಡನೆ ಸರೋವರವೊಂದರ ದಡದಲ್ಲಿ ಬಿಡಾರ ಮಾಡಿದ್ದರು.

೧೯೦೭ರಲ್ಲಿ ಬೇಡನ್ ಪೊವೆಲರು ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು ಇಪ್ಪತ್ತು ಬಾಲಕರ ಶಿಬಿರ ನಡೆಸಿದರು. ಅವರಲ್ಲಿ ಕೆಲವರು ಸಿರಿವಂತರ ಶಾಲೆಗಳವರು. ಉಳಿದವರು ಸ್ಮಿತ್ತರ ದಳಕ್ಕೆ ಸೇರಿದ ಸಾಮಾನ್ಯ ಮನೆತನದವರು. ಇಬ್ಬಗೆಯವರನ್ನೂ ಬೆರೆಸಿ ಚಿಕ್ಕ ಗಣಗಳಾಗಿ ವಿಂಗಡಿಸಿ, ಪ್ರತಿ ಗಣಕ್ಕೂ ಅವರಲ್ಲೊಬ್ಬನನ್ನೇ ನಾಯಕನನ್ನಾಗಿ ಮಾಡಲಾಯಿತು. ಸೌದೆ ಆಯುವುದು, ಒಲೆ ಹೂಡುವುದು, ಹೆಜ್ಜೆಗುರುತು ಹಿಡಿದು ನಡೆಯುವುದು ಇವೇ ಅಲ್ಲಿನ ಪಾಠಗಳು. ಬಾಲಚರ ಚಳವಳಿಯ ಬೀಜ ಇದೇ.

ಎರಡೇ ವರ್ಷಗಳಲ್ಲಿ, ೧೯೦೯ರಲ್ಲಿ, ಆ ಬೀಜವು ಬೆಂಗಳೂರಿಗೆ ಬಂದಿತು. ಕ್ಯಾಪ್ಟನ್ ಬೇಕರರು ಭಾರತದ ಮೊದಲ ಬಾಲಚರ ದಳವನ್ನು ಅಲ್ಲಿ ಕಟ್ಟಿದರು. ಆದರೆ ಆ ಕಾಲದ ದಳಗಳ ಬಾಗಿಲು ಯೂರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಬಾಲಕರಿಗೆ ಮಾತ್ರ ತೆರೆದಿದ್ದಿತು. ಈ ನೆಲದ ಮಕ್ಕಳಿಗೆ ಪ್ರವೇಶವಿರಲಿಲ್ಲ. ಮನುಷ್ಯರೆಲ್ಲರೂ ಒಬ್ಬ ತಂದೆಯ ಮಕ್ಕಳೆಂದು ಸಾರುವ ಧರ್ಮದ ನೆರಳಿನಲ್ಲಿ ಬೆಳೆದ ಶಿಕ್ಷಣಕ್ಕೆ ಇದು ಒಪ್ಪುವ ನಡತೆಯಾಗಿರಲಿಲ್ಲ. ಮುಂದೆ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾದ ವಿವಿಯನ್ ಬೋಸರು ೧೯೧೩ರಲ್ಲಿ ಮಧ್ಯಪ್ರಾಂತದಲ್ಲಿ ಭಾರತೀಯ ಬಾಲಕರಿಗಾಗಿ ಈ ಕಾರ್ಯವನ್ನು ಆರಂಭಿಸಿದರು. ೧೯೧೭ರಲ್ಲಿ ಆನಿ ಬೆಸೆಂಟರು ಮದರಾಸಿನಲ್ಲಿಯೂ, ಮರುವರ್ಷ ಮಾಲವೀಯರೂ ಅವರ ಸಂಗಡಿಗರೂ ಅಲಹಾಬಾದಿನಲ್ಲಿಯೂ ಭಾರತೀಯರ ಸಂಘಗಳನ್ನು ಕಟ್ಟಿದರು. ಮೈಸೂರು ಸಂಸ್ಥಾನದಲ್ಲಿಯೂ ಅದೇ ಕಾಲದಲ್ಲಿ ಬಾಲಚರರ ಸಂಘಟನೆ ನಡೆಯಿತು.

ಅಷ್ಟಕ್ಕೇ ನೋವು ಮುಗಿಯಲಿಲ್ಲ. ೧೯೩೭ರಲ್ಲಿ ಬೇಡನ್ ಪೊವೆಲರು ದೆಹಲಿಯ ಬಾಲಚರ ಮೇಳಕ್ಕೆ ಬಂದು ಹೋದಮೇಲೆ, ಭಾರತೀಯರ ಶೀಲವನ್ನು ಲಘುವಾಗಿ ಎಣಿಸಿದ ಅವರ ಮಾತುಗಳು ಪ್ರಕಟವಾದುವು. ದೇಶವು ಕೆರಳಿತು; ೧೯೩೮ರಲ್ಲಿ ಹಿಂದೂಸ್ತಾನ್ ಸ್ಕೌಟ್ ಸಂಘವು ಬೇರೆಯಾಗಿ ನಿಂತಿತು. ಒಡೆದ ಸಂಘಗಳು ಕೂಡಿ 'ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್' ಆದುದು ಸ್ವಾತಂತ್ರ್ಯಾನಂತರ, ೧೯೫೦ರ ನವೆಂಬರಿನಲ್ಲಿ.

ಶೀಲವನ್ನು ಕಲಿಸಹೊರಟವರೇ ಪರರ ಶೀಲವನ್ನು ಅಳೆಯುವಲ್ಲಿ ಎಡವಿದರೆಂಬ ಕಾರಣದಿಂದ ನಮ್ಮವರು ಆ ಶಿಕ್ಷಣವನ್ನು ಬಿಸುಡಲಿಲ್ಲ. ಅದರ ಸಾರವನ್ನು ತಮ್ಮದಾಗಿಸಿಕೊಂಡರು. ಬಾಲಚರನು ದೇವರಿಗೆ ಸಲ್ಲಿಸಬೇಕಾದ ಕರ್ತವ್ಯವನ್ನು ನೆನೆದು ಪ್ರತಿಜ್ಞೆ ಮಾಡುತ್ತಾನೆ. ಅದು ಯಾವ ಮತದ ದೇವರೆಂದು ಯಾರೂ ಕೇಳುವುದಿಲ್ಲ. ಟಿಪ್ಪುಸುಲ್ತಾನನ ಆನೆಯ ಕಣ್ಣು ಗುಣವಾಯಿತೆಂದು ನಂಜುಂಡೇಶ್ವರನಿಗೆ 'ಹಕೀಮ್ ನಂಜುಂಡ'ನೆಂಬ ಹೆಸರು ಬಂದುದನ್ನು ಬಲ್ಲ ನಂಜನಗೂಡಿನವರಿಗೆ ಈ ಔದಾರ್ಯವನ್ನು ವಿವರಿಸಬೇಕಾಗಿಲ್ಲ.

ಶಿಬಿರದಲ್ಲಿ ಕಲಿತುದರ ಪರೀಕ್ಷೆ ನಡೆಯುವುದು ಊರಿನಲ್ಲಿ. ನಂಜನಗೂಡಿನ ದೊಡ್ಡಜಾತ್ರೆಯ ರಥಬೀದಿಯಲ್ಲಿ, ೧೯೮೯ರಿಂದ ತಿರುಮಕೂಡಲಿನಲ್ಲಿ ನಡೆದು ಬಂದಿರುವ ಕುಂಭಮೇಳದ ಸ್ನಾನಘಟ್ಟದಲ್ಲಿ, ದಾರಿ ತಪ್ಪಿದ ಮಗುವಿನ ಜಾತಿಮತಗಳನ್ನು ವಿಚಾರಿಸದೆ ಕೈಹಿಡಿದು ತಾಯಿಯ ಬಳಿಗೆ ಸೇರಿಸುವ ಬಾಲಕನು ಆ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿದವನು. ನಮ್ಮ ಗೃಹಸ್ಥರು ತಮ್ಮ ಮಕ್ಕಳನ್ನು ವರ್ಷಕ್ಕೆ ಕೆಲವು ದಿನವಾದರೂ ಇಂತಹ ಶಿಬಿರಗಳಿಗೆ ಧೈರ್ಯವಾಗಿ ಕಳುಹಿಸಿಕೊಡುವುದು ಲೇಸು.